ತಂತಿಯ ಇನ್ನೊಂದು ತುದಿ

ಬಿಳಿ ಅಂಗಿಯೊಂದರ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆ ಓಡಿಸುತ್ತಿದ್ದಾಗ ಸುಟ್ಟ ವಾಸನೆ ಬಂತು. ಅಂಗಿಯೇ ಸುಟ್ಟಿತೆಂದು ಅವನು ಪೆಟ್ಟಿಗೆಯನ್ನು ಸರಕ್ಕನೆ ಎತ್ತಿದ. ನೋಡಿದರೆ ಅಂಗಿ ಮದುಮಗನ ಹಾಗೆ ಗರಿಗರಿಯಾಗಿಯೇ ಇತ್ತು. ಸುಟ್ಟದ್ದು ಅವನ ಇಯರ್‌ಫೋನಿನ ತಂತಿ. ಜೇಬಿನಿಂದ ಹೊರಟು, ಅಂಗಿಯೊಳಗೇ ಮೇಲೆ ಹತ್ತಿ, ಕಾಲರಿನ ಮರೆಯಲ್ಲಿ ಟೊಪ್ಪಿಯ ಕೆಳಗೆ ಸೇರುತ್ತಿದ್ದ ಆ ತಂತಿ, ಅವನು ಬಾಗಿದಾಗ ಹೊರಗೆ ಇಣುಕಿ ಪೆಟ್ಟಿಗೆಯ ಬಾಯಿಗೆ ಬಿದ್ದು, ಸತ್ತ ಎರೆಹುಳುವಿನಂತೆ ಮುರುಟಿಕೊಂಡಿತ್ತು.

ಸದ್ಯ, ಅಂಗಿ ಉಳಿಯಿತಲ್ಲ ಎಂದು ಉಸಿರು ಬಿಟ್ಟ. ಆ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ, ಇಷ್ಟು ದಿನ ಬಾಗಿಲಾಚೆ ನಿಲ್ಲಿಸಿದ್ದ ಧ್ವನಿಯೊಂದು ಎರಡೂ ಕಿವಿಗೆ ಒಟ್ಟಿಗೇ ನುಗ್ಗಿತು.

"ಪ್ರೀತಿಯ ಕುಟುಂಬದವರೇ! ಬೆವರನ್ನು ನಂಬಿದವನಿಗೆ ಫ್ಯಾನಿನ ಹಂಗಿಲ್ಲ!"

ಅದು ಮಾಲೀಕರ ಧ್ವನಿ. ಆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕೆಟ್ಟ ಫ್ಯಾನುಗಳನ್ನು ಇಳಿಸಿದ ಜಾಗದಲ್ಲಿ ಒಂದು ದೊಡ್ಡ ಸ್ಪೀಕರ್ ಪೆಟ್ಟಿಗೆ ಏರಿಸಿದ್ದರು. ಅದರಿಂದ ಬೆಳಗಿನಿಂದ ಸಂಜೆಯವರೆಗೆ ಮಾಲೀಕರ ಹಿತವಚನ ಸುರಿಯುತ್ತಿತ್ತು. ಮಾಲೀಕರು ಅದನ್ನು ತಮ್ಮ ತಣ್ಣನೆಯ ಕೋಣೆಯಲ್ಲಿ ಕೂತು ಧ್ವನಿಮುದ್ರಣ ಮಾಡಿಸಿದ್ದರು. ಬೆವರಿನ ಮಹಿಮೆ ಹೇಳುವಾಗ ಹಿಂದೆ ಎ.ಸಿ. ಗುರ್ರೆನ್ನುವುದೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಕೈ ಬಾಡಿಗೆಗೆ ಕೊಟ್ವಿ, ಸರಿ. ಕಿವೀನೂ ಜೊತೆಗೆ ಪುಕ್ಕಟೆ ತಗೊಂಡ್ರಲ್ಲೋ ಇವ್ರು!" ಎಂದು ಗುಂಡಿ ಅಕ್ಕ ಆಗಾಗ ಹೇಳುತ್ತಿದ್ದಳು. ಅಂಗಿಗೆ ಗುಂಡಿ ಹಚ್ಚುವ ಮಿಷನ್ ಅವಳದು. ಬಾಯಿಯೂ ಅದೇ ವೇಗದ್ದು.

ಇಸ್ತ್ರಿಯವನು ಮಾತ್ರ ತನ್ನ ಕಿವಿಯನ್ನು ಗುಟ್ಟಾಗಿ ಬಿಡಿಸಿಕೊಂಡಿದ್ದ. ಕೆಲಸದ ಹೊತ್ತಿನಲ್ಲಿ ಇಯರ್‌ಫೋನ್ ಹಾಕಿದವರಿಗೆ ಗೇಟ್, ಅಂದರೆ ಕೆಲಸದಿಂದ ಹೊರಗೆ, ಎಂದು ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಅವನು ಟೊಪ್ಪಿಯನ್ನು ಕಿವಿ ಮುಚ್ಚುವಷ್ಟು ಎಳೆದುಕೊಂಡು ಕತೆ ಕೇಳುತ್ತಿದ್ದ. ಯಾರು ಮಾತಾಡಿಸಿದರೂ ಅವನ ಮೊದಲ ಉತ್ತರ "ಏನಂದ್ರಿ?" ಎನ್ನುವುದು. ಅದೇ ಅವನ ಹೆಸರಾಗಿಹೋಗಿತ್ತು. ಹಾಜರಿ ಕೂಗುವಾಗಲೂ ಸೂಪರ್‌ವೈಸರ್ ಹಾಗೇ ಕರೆಯುತ್ತಿದ್ದ.

ಏನಂದ್ರಿಯ ತಂತಿ ಅಂದು ಸುಡಬಾರದಿತ್ತು. ಕೇಳುತ್ತಿದ್ದದ್ದು ಒಂದು ಪತ್ತೇದಾರಿ ಧಾರಾವಾಹಿ. ಗಿರಣಿ ಸಾಹುಕಾರನೊಬ್ಬ ತನ್ನ ಮಂಚದ ಮೇಲೇ ಕೊಲೆಯಾಗಿದ್ದ. ಅಂದು ಕೊನೆಯ ಕಂತು. ಪತ್ತೇದಾರ ಎಲ್ಲರನ್ನೂ ಹಜಾರಕ್ಕೆ ಕರೆಸಿ, ಬಾಗಿಲಿಗೆ ಅಗುಳಿ ಹಾಕಿಸಿ, "ಕೊಲೆಗಾರ ಇಲ್ಲೇ ಇದ್ದಾನೆ" ಎಂದು ಗಂಟಲು ಸರಿಮಾಡಿಕೊಂಡಿದ್ದ. ಅಷ್ಟರಲ್ಲಿ ಎರೆಹುಳು ಸತ್ತಿತು. ಪುಕ್ಕಟೆ ಕೇಳುವವರಿಗೆ ಆ ಕಂತು ಸಂಜೆಯವರೆಗೆ ಮಾತ್ರ, ಆಮೇಲೆ ಬೀಗ. ಮನೆಗೆ ಹೋಗಿ ಕೇಳೋಣವೆಂದರೆ ಅವನು ತಲುಪುವಷ್ಟರಲ್ಲಿ ಬೀಗ ಬಿದ್ದಿರುತ್ತದೆ. ಬೀಳದಿದ್ದರೂ, ಒಂದೇ ಕೋಣೆಯ ಆ ಮನೆಯಲ್ಲಿ ಅತ್ತೆಯ ಟೀವಿ, ಮಕ್ಕಳ ಮಗ್ಗಿ, ಹೆಂಡತಿಯ ದೂರು ಇವೆಲ್ಲ ಮುಗಿದ ಮೇಲೆ ಪತ್ತೇದಾರನ ಸರದಿ.

"ಊಟದ ಬಿಡುವಲ್ಲಿ ಹೋಗಿ ಹೊಸದು ತರ್ತೀನಿ," ಎಂದು ಮೆಲ್ಲಗೆ ಅಂದದ್ದೇ ತಪ್ಪಾಯಿತು. ಪ್ಯಾಕಿಂಗ್ ಮೇಜಿನಿಂದ 'ರಿವ್ಯೂ' ಹಾರಿಬಂದ. ರಿವ್ಯೂ ಎಂಬ ಆ ತರುಣ ಜೀವನದಲ್ಲಿ ಕೊಂಡದ್ದು ಕಡಿಮೆ, ಕೊಳ್ಳುವವರ ವೀಡಿಯೋ ನೋಡಿದ್ದು ಅಪಾರ. ಕಾರಿಲ್ಲದೆ ಕಾರಿನ ಬ್ರೇಕು, ಮನೆಯಿಲ್ಲದೆ ಮನೆಯ ಟೈಲ್ಸು, ಎಲ್ಲದರ ಗುಣದೋಷ ಬಲ್ಲವನು.

"ಅಣ್ಣಾ, ತಂತಿದು ಈಗ ಯಾರು ತಗೋತಾರೆ? ವೈರ್‌ಲೆಸ್ ತಗೊ. ಸ್ವಾತಂತ್ರ್ಯ ಅಣ್ಣಾ, ಸ್ವಾತಂತ್ರ್ಯ!"

"ದಿನಾ ಚಾರ್ಜ್ ಹಾಕ್ಬೇಕು, ಒಂದು ಕಳೆದ್ರೆ ಇನ್ನೊಂದು ಅನಾಥ. ಅದೇನು ಸ್ವಾತಂತ್ರ್ಯನೋ?" ಎಂದು ಗುಂಡಿ ಅಕ್ಕ ಮಿಷನ್ ನಿಲ್ಲಿಸದೆಯೇ ತಿರುಗಿಬಿದ್ದಳು. "ನೋಡು ತಮ್ಮಾ, ತಂತಿದೇ ತಗೊ. ಅಗ್ಗ. ತಂತಿ ಇದ್ರೆ ಒಂದು ತುದಿ ನಿನ್ನ ಕಿವೀಲಿ, ಇನ್ನೊಂದು ತುದಿ ನಿನ್ನ ಜೇಬಲ್ಲಿ. ತಂತಿ ಇಲ್ದಿದ್ರೆ ಇನ್ನೊಂದು ತುದಿ ಯಾರ ಜೇಬಲ್ಲಿರುತ್ತೋ ಕಂಡೋರ್ಯಾರು?"

"ಇಸ್ತ್ರಿ ಮಾಡೋನಿಗೆ ತಂತಿ ತಗೊ ಅಂತೀಯಲ್ಲಕ್ಕ, ಈಗಷ್ಟೇ ಸುಟ್ಟಿದೆ!"

"ಸುಟ್ರೆ ತಂತಿ ಸುಡುತ್ತೆ. ನಿನ್ನ ಮಾತು ಕೇಳಿದ್ರೆ ಮನೆಯೇ ಸುಡುತ್ತೆ."

ಸೂಪರ್‌ವೈಸರ್ ಸೀಟಿ ಊದಿದ. ಮಾತಿಗಿಂತ ಸೀಟಿಯೇ ಹೆಚ್ಚು ಊದುವುದರಿಂದ ಅವನ ಹೆಸರೂ 'ಸೀಟಿ'ಯೇ. ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಮಾತು ಅಲ್ಲಿಗೆ ನಿಂತಿತು. ಸ್ಪೀಕರ್ ಮಾತ್ರ ನಿಲ್ಲಲಿಲ್ಲ. "ಕುಟುಂಬದವರೇ! ಹಸಿವು ಮನಸ್ಸಿನ ಒಂದು ಸ್ಥಿತಿ!"

ಊಟದ ಬಿಡುವಾದೊಡನೆ ಏನಂದ್ರಿ ತುತ್ತು ಬಿಟ್ಟು ಓಡಿದ. ಕರೆಯದೆಯೂ ರಿವ್ಯೂ ಹಿಂದೆಯೇ ಬಂದ. ಬೀದಿ ಮೂಲೆಯ ಮೊಬೈಲ್ ಅಂಗಡಿಯ ಬಾಗಿಲಲ್ಲಿ ತಂತಿಯ ಇಯರ್‌ಫೋನುಗಳು ಗೊಂಚಲು ಗೊಂಚಲಾಗಿ ನೇತಾಡುತ್ತಿದ್ದವು. ತಂತಿ ಇಲ್ಲದವು ಗಾಜಿನ ಪೆಟ್ಟಿಗೆಯೊಳಗೆ, ಪುಟ್ಟ ಡಬ್ಬಿಗಳಲ್ಲಿ, ಬಂಗಾರದ ಹಲ್ಲುಗಳ ಹಾಗೆ ಮಲಗಿದ್ದವು.

"ಯಾವುದಕ್ಕೆ ಬೇಕು? ಹಾಡಿಗಾ, ಸಿನಿಮಾಕ್ಕಾ, ಆಟಕ್ಕಾ?" ಅಂಗಡಿಯವನು ಕೇಳಿದ.

"ಮಾತು ಕೇಳಿಸಿದ್ರೆ ಸಾಕು."

"ಬರೀ ಮಾತಾ?" ಎಂದು ಅಂಗಡಿಯವನು, ಹೋಟೆಲಿಗೆ ಬಂದು ನೀರು ಕೇಳಿದವನನ್ನು ನೋಡುವಂತೆ ನೋಡಿದ. "ಇದು ನೋಡಿ. ಇದರ ಬೇಸು ಹೇಗಿದೆ ಅಂದ್ರೆ ಎದೆಯೊಳಗೆ ಯಾರೋ ಒನಕೆ ಕುಟ್ಟಿದ ಹಾಗಿರುತ್ತೆ."

"ಒನಕೆ ಬೇಡಪ್ಪಾ. ನನಗೆ ಕೊಲೆಗಾರ ಯಾರು ಅಂತ ಗೊತ್ತಾಗ್ಬೇಕು."

ಅಂಗಡಿಯವನು ಒಂದು ಹೆಜ್ಜೆ ಹಿಂದೆ ಸರಿದ.

ತಂತಿಯದರ ಬೆಲೆ ಕೇಳಿದಾಗ ಏನಂದ್ರಿಯ ಜೇಬು ನಕ್ಕಿತು. ತಂತಿ ಇಲ್ಲದ್ದರ ಬೆಲೆ ಕೇಳಿದಾಗ ಕೆಮ್ಮಿತು. ಕೈ ಗೊಂಚಲಿನ ಕಡೆ ಹೋಯಿತು. ರಿವ್ಯೂ ಹಿಡಿದೆಳೆದ. "ಅಣ್ಣಾ, ಕಾಲರ್‌ನಲ್ಲಿ ತಂತಿ ಕಂಡ್ರೆ ಸೀಟಿ ಗೇಟ್ ತೋರಿಸ್ತಾನೆ. ಇದಾದ್ರೆ ಟೊಪ್ಪಿ ಕೆಳಗೆ ಮಾಯ. ಅಲ್ಲದೆ ಇದು ಹೊರಗಿನ ಸದ್ದನ್ನೇ ಕೊಂದುಬಿಡುತ್ತೆ. ಇದನ್ನ ಹಾಕ್ಕೊಂಡ್ರೆ ಮಾಲೀಕರು ಕಿವಿ ಹತ್ರ ಬಂದು ಕಿರುಚಿದ್ರೂ ಕೇಳ್ಸಲ್ಲ."

ಆ ಕೊನೆಯ ಮಾತು ನಾಟಿತು. ಮಾಲೀಕರ ಸದ್ದು ಸಾಯುತ್ತದೆಂದರೆ ಬಡವನೂ ಸಾಲ ಮಾಡಿಯಾನು. ಮಗಳ ಚಪ್ಪಲಿಗೆಂದು ಇಟ್ಟದ್ದನ್ನು ಎಣಿಸಿಕೊಟ್ಟು ಡಬ್ಬಿ ಹಿಡಿದು ಬಂದ.

ಊಟ ಮುಗಿದ ಮೇಲೆ ಸೀಟಿಗೆ ಒಂದು ನೇಮವಿತ್ತು. ಫೋನ್ ಹಿಡಿದು ಹಿತ್ತಿಲ ಕಡೆಯ ಶೌಚಾಲಯಕ್ಕೆ ಹೋದರೆ, ಲೋಕದ ವೀಡಿಯೋಗಳೆಲ್ಲ ಮುಗಿಯುವವರೆಗೆ ಬರುತ್ತಿರಲಿಲ್ಲ. ಮಾಲೀಕರ ಭಾಷಣ ಸ್ಪೀಕರಿಗೆ ಹೋಗುತ್ತಿದ್ದದ್ದೂ ಅದೇ ಫೋನಿನಿಂದ, ತಂತಿಯಿಲ್ಲದೆ. ಫೋನು ದೂರವಾದೊಡನೆ ಸ್ಪೀಕರು ಬಾಯಿ ಕಟ್ಟಿ, ಗಂಡ ಸಿಗದ ವಧುವಿನಂತೆ ಹತ್ತಿರದ ಬೇರೆ ಫೋನಿಗಾಗಿ ಕಾಯುತ್ತಿತ್ತು.

ಸರಿಯಾಗಿ ಆ ಹೊತ್ತಿಗೇ ರಿವ್ಯೂ, ಹೊಸ ಇಯರ್‌ಫೋನ್ ಜೋಡಿಸಿಕೊಡಲು ಏನಂದ್ರಿಯ ಫೋನು ಕಸಿದುಕೊಂಡ. ಪರದೆಯ ಮೇಲೆ ಎರಡು ಹೆಸರು ಮೂಡಿದವು.

"ಇದ್ರಲ್ಲಿ ಯಾವುದೋ?"

"ಮೇಲಿರೋದೇ ನಮ್ದು ಅಣ್ಣಾ. ಯಾವಾಗ್ಲೂ ಮೇಲಿರೋದೇ," ಎಂದು ರಿವ್ಯೂ ಓದದೆಯೇ ಒತ್ತಿ, ಪ್ಯಾಕಿಂಗಿಗೆ ಓಡಿದ.

ಏನಂದ್ರಿ ಎರಡು ಬಿರಡೆಗಳನ್ನು ಕಿವಿಗೆ ತುರುಕಿಕೊಂಡು ಟೊಪ್ಪಿ ಎಳೆದುಕೊಂಡ. ಲೋಕ ಬಾವಿಗೆ ಬಿದ್ದಂತೆ ನಿಶ್ಶಬ್ದವಾಯಿತು. ಆಹಾ! ಕೊನೆಯ ಕಂತು ಒತ್ತಿ, ಫೋನನ್ನು ಅಂಗಿಗಳ ರಾಶಿಯಲ್ಲಿ ಹುದುಗಿಸಿದ. ಏನೂ ಕೇಳಲಿಲ್ಲ. ಸದ್ದು ಹೆಚ್ಚಿಸಿದ. ಇಲ್ಲ. ಇನ್ನೂ ಹೆಚ್ಚಿಸಿದ. ಇಲ್ಲ. ಹಲ್ಲು ಕಚ್ಚಿ ಕೊನೆಯವರೆಗೂ ಹೆಚ್ಚಿಸಿದ. ಅಂಗಡಿಯವನು ಟೋಪಿ ಹಾಕಿದನೆಂದು ಗೊಣಗುತ್ತ ತಲೆಯೆತ್ತಿದರೆ, ಕಾರ್ಖಾನೆಯ ಮಿಷನ್ನುಗಳೆಲ್ಲ ನಿಂತಿದ್ದವು. ಎಲ್ಲರೂ ಬಾಯಿ ತೆರೆದು ಕೂತಿದ್ದರು. ಕೆಲವರು ಅವನನ್ನೇ ನೋಡುತ್ತಿದ್ದರು. ಹೊಸ ಇಯರ್‌ಫೋನ್ ಕಂಡುಬಿಟ್ಟಿತೆಂದು ನಾಚಿ, ಟೊಪ್ಪಿಯನ್ನು ಇನ್ನಷ್ಟು ಎಳೆದುಕೊಂಡ.

ಸ್ಪೀಕರಿನಲ್ಲಿ ಪತ್ತೇದಾರ ಗುಡುಗುತ್ತಿದ್ದ: "ಸಾಹುಕಾರ ಸತ್ತ ದಿನ ಗಿರಣಿಯಲ್ಲಿ ಅತ್ತವರು ಒಬ್ಬರೂ ಇಲ್ಲ! ಹಾಗಾದರೆ ಈ ಕೋಣೆಯಲ್ಲಿ ಕಣ್ಣೀರು ಸುರಿಸುತ್ತಿರುವವರು ಯಾರು?"

ರಿವ್ಯೂ ತನ್ನ ತಪ್ಪು ಹೊಳೆದು ಓಡಿಬಂದ. ಗುಂಡಿ ಅಕ್ಕ ಅವನ ತೋಳು ಹಿಡಿದು ಜಗ್ಗಿದಳು. "ಕೂತ್ಕೊಳ್ಳೋ! ಕೊಲೆಗಾರ ಸಿಗಲಿ ಮೊದ್ಲು!"

ಕೊಲೆಗಾರ ಸಿಕ್ಕ. ಹೆಸರು ಕೇಳಿದೊಡನೆ ಇಡೀ ಕಾರ್ಖಾನೆ "ಥೂ, ಅವನಾ!" ಎಂದು ಕೂಗಿ, ಆಮೇಲೆ ಛಾವಣಿ ಹಾರುವಂತೆ ಚಪ್ಪಾಳೆ ತಟ್ಟಿತು. ಆ ಸ್ಪೀಕರಿಗೆ ಅದುವರೆಗೆ ಬಿದ್ದದ್ದು ಶಾಪ ಮಾತ್ರ. ಏನಂದ್ರಿ ಒಬ್ಬನೇ ಬಿರಡೆಯನ್ನು ಬೆರಳಿನಿಂದ ಒತ್ತುತ್ತ, "ಹಾಳಾದ್ದು, ಒಂದು ಅಕ್ಷರ ಕೇಳ್ತಿಲ್ಲ," ಎಂದುಕೊಳ್ಳುತ್ತಿದ್ದ.

ಚಪ್ಪಾಳೆ ತಣ್ಣನೆಯ ಕೋಣೆಗೂ ಕೇಳಿಸಿತು. ಮಾಲೀಕರು ತಮ್ಮ ಭಾಷಣಕ್ಕೇ ಎಂದುಕೊಂಡು ಎರಡೂ ಕೈ ಚಾಚಿ ಒಳಗೆ ಬಂದರು. "ನನ್ನ ಯಾವ ಮಾತು ಇಷ್ಟು ಹಿಡಿಸ್ತು? ಹಸಿವಿಂದಾ, ಬೆವರಿಂದಾ?"

ಹಿತ್ತಿಲಿನಿಂದ ಸೀಟಿ ಬೆಲ್ಟು ಬಿಗಿಯುತ್ತ ಓಡಿಬಂದ. "ಸಾರ್, ನಿಮ್ಮ ಮಾತಲ್ಲ ಸಾರ್! ಬಾಕ್ಸಲ್ಲಿ ಯಾರೋ ಏನೋ ಕೊಲೆ ಕತೆ ಹಾಕಿದ್ದಾರೆ. ಅಲ್ಲೀವರೆಗೂ ಕೇಳಿಸ್ತು!" ಹಾಗೆಂದವನ ಕಣ್ಣು ಇಸ್ತ್ರಿ ಮೇಜಿಗೆ ಹೋಯಿತು. ಟೊಪ್ಪಿ ಹಿಡಿದು ಎತ್ತಿದ. ಎರಡು ಬಿಳಿ ಬಿರಡೆ ಹೊಳೆದವು. "ಸಿಕ್ದ! ಗೇಟಿಗೆ ನಡಿ!"

ಗುಂಡಿ ಅಕ್ಕ ಎದ್ದಳು. ಬರುವ ದಾರಿಯಲ್ಲೇ ಫೋನಿನ ಮೇಲೆ ಇನ್ನಷ್ಟು ಅಂಗಿ ಹೊದೆಸಿದಳು.

"ಸಾರ್, ಅದು ಕಿವಿ ಮಿಷನ್ನು. ಅವನಿಗೆ ಕಿವಿ ಕೇಳ್ಸಲ್ಲ. ಹೆಸರೇ ಹೇಳ್ತದಲ್ಲ. ಈ ಇಸ್ತ್ರಿ ಹಬೆ ಸದ್ದಲ್ಲಿ ನಿಂತೂ ನಿಂತೂ..."

ಮಾಲೀಕರ ಮುಖ ಸುಣ್ಣವಾಯಿತು. "ಇಲ್ಲಿ ನಿಂತು ಹೋಯ್ತಾ? ನಮ್ಮಲ್ಲಾ?"

"ಛೆ ಛೆ, ಹುಟ್ಟಿನಿಂದ್ಲೇ ಸಾರ್!" ಸೀಟಿ ಥಟ್ಟನೆ ಪಕ್ಷ ಬದಲಿಸಿದ. ಪರಿಹಾರದ ಮಾತು ಬಂದರೆ ಮೊದಲು ಕೇಳುವುದು ಸೂಪರ್‌ವೈಸರನ್ನೇ.

ಮಾಲೀಕರ ಮುಖಕ್ಕೆ ರಕ್ತ ಮರಳಿತು, ಅದರ ಹಿಂದೆಯೇ ಕರುಣೆಯೂ ಬಂತು. ಹುಟ್ಟುಗಿವುಡರ ಮೇಲೆ ಕರುಣೆಗೆ ಖರ್ಚಿಲ್ಲ.

"ನಿಮ್ಮ ಮಾತು ಒಂದೂ ತಪ್ಪಬಾರ್ದು ಅಂತ ಊಟ ಬಿಟ್ಟು ಹೋಗಿ ತಂದ ಸಾರ್," ಎಂದು ಗುಂಡಿ ಅಕ್ಕ ಸೆರಗಿನಿಂದ ಒಣಗಣ್ಣು ಒರೆಸಿಕೊಂಡಳು.

ಮಾಲೀಕರು ಏನಂದ್ರಿಯ ಮುಖದ ಹತ್ತಿರ ಬಾಗಿ ಕಿರುಚಿದರು: "ನಾನು ಯಾರು ಗೊತ್ತಾ?"

ಅವರ ಬಾಯಿ ಅಲ್ಲಾಡುವುದಷ್ಟೇ ಏನಂದ್ರಿಗೆ ಕಂಡಿತು. ರಿವ್ಯೂ ಒಂದು ವಿಷಯದಲ್ಲಿ ಸುಳ್ಳು ಹೇಳಿರಲಿಲ್ಲ. ಮನಸಾರೆ, ಪ್ರಾಮಾಣಿಕವಾಗಿ ಕೇಳಿದ: "ಏನಂದ್ರಿ?"

ಮಾಲೀಕರ ಕಣ್ಣು ತುಂಬಿತು. "ನೋಡಿ ಕುಟುಂಬದವರೇ! ಕಿವಿ ಇದ್ದೂ ಕೇಳದೋರು ನೀವು. ಕಿವಿ ಇಲ್ದಿದ್ರೂ ಕೇಳಬೇಕು ಅನ್ನೋನು ಇವನು! ಆದ್ರೆ ಪಾಪ, ಮಿಷನ್ ಹಾಕಿದ್ರೂ ಕೇಳಿಸ್ತಿಲ್ವಲ್ಲ."

ಅಲ್ಲಿಗೆ ಗಂಡಾಂತರ ಕಳೆದಿತ್ತು. ಆದರೆ ಗೊತ್ತಿದ್ದದ್ದನ್ನು ಹೇಳದೆ ಬಿಟ್ಟರೆ ರಿವ್ಯೂಗೆ ಹೊಟ್ಟೆನೋವು. "ಅದು ವೈರ್‌ಲೆಸ್ ಸಾರ್. ಯಾರ ಫೋನಿಂದ ಬೇಕಾದ್ರೂ ಸೀದಾ ಅವನ ಕಿವಿಯೊಳಗೇ ಬಿಡಬಹುದು..."

ಗುಂಡಿ ಅಕ್ಕ ಅವನ ಕಾಲು ತುಳಿದಳು. ಮಾತು ಹೊರಬಿದ್ದ ಮೇಲೆ ತುಳಿದು ಏನು ಫಲ?

ಮಾಲೀಕರಿಗೆ ಹಬ್ಬವಾಯಿತು. ಅಲ್ಲೇ ಎರಡು ಅಪ್ಪಣೆ ಹೊರಟವು. ಕಂಡಕಂಡವರ ಫೋನಿಗೆಲ್ಲ ಬಾಯಿ ಬಿಡುವ ಆ ಸ್ಪೀಕರನ್ನು ಈಗಲೇ ಇಳಿಸಬೇಕು. ತಮ್ಮ ಭಾಷಣವನ್ನು ಸೀಟಿಯ ಫೋನಿನಿಂದ ಈ ಭಕ್ತನ ಕಿವಿಗೆ ನೇರವಾಗಿ ಬಿಡಬೇಕು, ದಿನವಿಡೀ. ಸಂಪರ್ಕ ತಪ್ಪದ ಹಾಗೆ ಸೀಟಿ ಅವನ ಪಕ್ಕ ಬಿಟ್ಟು ಕದಲಬಾರದು. ಶೌಚಾಲಯದ ವೈಭವ ಕಳೆದುಕೊಂಡ ಸೀಟಿ, ಏನಂದ್ರಿಯನ್ನು ಸವತಿಯ ಮಗನಂತೆ ನೋಡಿದ. "ಬಿರಡೆ ತೆಗೆದ್ರೆ ಗೇಟ್," ಎಂದು ಕೈಸನ್ನೆ ಮಾಡಿ, ಸ್ಟೂಲು ಎಳೆದು ಎದುರಿಗೇ ಕೂತ.

ಸ್ಪೀಕರ್ ಇಳಿಯಿತು. ಅದರ ಜಾಗದಲ್ಲಿ ಒಂದು ತೂತು ಉಳಿದು, ಅದರಿಂದ ತೆಳ್ಳಗೆ ಗಾಳಿಯೂ ಬಂತು. ಎಷ್ಟೋ ಕಾಲದ ಮೇಲೆ ಆ ಕಾರ್ಖಾನೆಯಲ್ಲಿ ಜನ ಒಬ್ಬರ ಮಾತು ಒಬ್ಬರು ಕೇಳಿಸಿಕೊಂಡರು. ಮಿಷನ್ನುಗಳ ನಡುವೆ ನಗೆ ಎದ್ದಿತು. ಕೊಲೆಗಾರನ ಮೇಲೆ ಮೊದಲೇ ಅನುಮಾನವಿತ್ತೆಂದು ಒಬ್ಬರು, ಸುಳ್ಳು ಹೇಳಬೇಡವೆಂದು ಇನ್ನೊಬ್ಬರು. ಆಮೇಲೆ ಮಾತು ಮೆಲ್ಲಗೆ ಫ್ಯಾನಿನ ಕಡೆ, ಸಂಬಳದ ಕಡೆಯೂ ಹೊರಳಿತು. ಕೆಲವರು ಗುಂಡಿ ಅಕ್ಕನ ಸುತ್ತ ಗುಂಪುಗೂಡಿದರು.

ಇದೆಲ್ಲ ಏನಂದ್ರಿಗೆ ಕಂಡಿತಷ್ಟೇ. ಅವನ ತಲೆಯೊಳಗೆ, ಎಡಕಿವಿಯಿಂದ ಬಲಕಿವಿಯವರೆಗೆ, ಹಿಂದೆಂದೂ ಇಲ್ಲದಷ್ಟು ಸ್ಪಷ್ಟವಾಗಿ, ಎದೆಯೊಳಗೆ ಒನಕೆ ಕುಟ್ಟಿದ ಹಾಗೆ, ಎ.ಸಿ.ಯ ಗುರ್ರೆಂಬ ಸದ್ದಿನ ಸಮೇತ: "ಪ್ರೀತಿಯ ಕುಟುಂಬದವರೇ!"

ಸಂಜೆಯಾಗುತ್ತ ಬಂತು. ಕಂತಿಗೆ ಬೀಗ ಬೀಳುವ ಹೊತ್ತು. ಅವನ ಮುಖ ನೋಡಿ ಗುಂಡಿ ಅಕ್ಕನಿಗೆ ತಡೆಯಲಾಗಲಿಲ್ಲ. ಅಂಗಿಗಳ ಕಟ್ಟು ಇಡುವ ನೆವದಲ್ಲಿ ಮೇಜಿಗೆ ಬಂದು, ಸೀಟಿಯ ಕಣ್ಣು ತಪ್ಪಿಸಿ, ಅವನ ಕಿವಿಗೆ ಬಾಯಿ ಹಚ್ಚಿ, ಗಿರಣಿ ಸಾಹುಕಾರನನ್ನು ಕೊಂದವನ ಹೆಸರನ್ನು ಬಿಡಿಬಿಡಿಯಾಗಿ ಹೇಳಿದಳು.

"ಏನಂದ್ರಿ?" ಅಂದ ಅವನು.