ಐದೂಕಾಲಿನ ನಂತರದ ಕಥೆ

ಸಿನಿಮಾ ನೋಡಲು ಕಣ್ಣು ಬೇಕು. ನೋಡಿ ಬಂದು ಅದರ ಗುಣದೋಷ ಹೇಳಲು ಧೈರ್ಯವೊಂದಿದ್ದರೆ ಸಾಕು. ಇದನ್ನು ನಾನು ಯಾರನ್ನೋ ಆಡಿಕೊಳ್ಳಲು ಬರೆಯುತ್ತಿಲ್ಲ. ಆ ಧೈರ್ಯ ಒಂದು ಕಾಲಕ್ಕೆ ನನ್ನಲ್ಲಿ ಊರಿಗೆಲ್ಲ ಹಂಚುವಷ್ಟಿತ್ತು. ಈಗ ಅದನ್ನು ನೆನೆದರೆ, ಒಬ್ಬನೇ ಕೂತಿದ್ದರೂ ಕಿವಿ ಬಿಸಿಯಾಗುತ್ತದೆ.

ಕುರುಗೋಡಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಅಂಗಡಿ ಎಂದರೆ ಮನೆಯ ಮುಂದಿನ ಕಟ್ಟೆ, ಅದರ ಮೇಲೊಂದು ತಗಡಿನ ಮಾಡು, ಮಾಡಿನ ಕೆಳಗೆ ಕಾಲಿನಿಂದ ತುಳಿಯುವ ಮಿಷನ್ನು. ನಾನು ಹೊಲಿದ ಅಂಗಿಯ ಬಟ್ಟೆ ಹರಿದೀತು, ಹೊಲಿಗೆ ಬಿಡುವುದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಏಕೆಂದರೆ ಹೇಳಿಕೊಳ್ಳುವಂಥದು ಬೇರೇನೂ ನನ್ನ ಹತ್ತಿರ ಇರಲಿಲ್ಲ. ಮೂರನೆಯ ತರಗತಿಗೇ ಸಾಲೆ ಬಿಟ್ಟವನು ನಾನು. ನನಗೆ ಅಕ್ಷರ ತಿದ್ದಿಸಿದ ಗುರುಪಾದಯ್ಯ ಮಾಸ್ತರು ಎದುರಿಗೆ ಬಂದರೆ ದೊಡ್ಡವನಾದ ಮೇಲೂ ಕೈ ತಾನಾಗಿಯೇ ಹಿಂದೆ ಹೋಗುತ್ತಿತ್ತು, ಛಡಿ ಏಟು ಬಿದ್ದೀತೆಂಬಂತೆ. ಅಂಥ ಮಾಸ್ತರು ಪ್ರತಿ ಮಂಗಳವಾರ ಸಾಲೆ ಬಿಟ್ಟೊಡನೆ ನನ್ನ ಕಟ್ಟೆಗೆ ಬಂದು, ಕೊಡೆಯನ್ನು ಗೋಡೆಗೆ ಆನಿಸಿ, "ಹೂಂ, ಚನ್ನಬಸಪ್ಪ, ಈ ಸಲ ಏನು ನೋಡಿದಿ ಹೇಳು" ಎಂದು ನನ್ನೆದುರು ಕೂರುತ್ತಿದ್ದರು. ಓದುಗರೇ, ಆ ಸುಖವನ್ನು ನೀವು ಸಾಲೆ ಮುಗಿಸಿದವರಾಗಿದ್ದರೆ ನಿಮಗೆ ತಿಳಿಸಿ ಹೇಳಲಾರೆ.

ಆಗ ಎರಡನೆಯ ಮಹಾಯುದ್ಧದ ಕಾಲ. ನಾನು ಸೋಮವಾರಕ್ಕೊಮ್ಮೆ ದಾರ, ಗುಂಡಿ, ಒಳಪದರದ ಅಸ್ತರು ತರಲು ಬಳ್ಳಾರಿಗೆ ಹೋಗುತ್ತಿದ್ದೆ. ಕೆಲಸ ಮುಗಿಸಿ ಮೂರು ಗಂಟೆಯ ಆಟಕ್ಕೆ ನುಗ್ಗುತ್ತಿದ್ದೆ. ಹೆಚ್ಚಾಗಿ ತೆಲುಗು ಚಿತ್ರಗಳು. ನಮ್ಮ ಕಡೆಯವರಿಗೆ ತೆಲುಗೇನು ಪರದೇಶದ ಮಾತಲ್ಲ. ತೊಂದರೆ ಇದ್ದದ್ದು ಭಾಷೆಯಲ್ಲಲ್ಲ, ಬಸ್ಸಿನಲ್ಲಿ. ಪೆಟ್ರೋಲು ಸಿಗದೆ ಬಸ್ಸಿನ ಬೆನ್ನಿಗೊಂದು ಇದ್ದಿಲ ಒಲೆ ಕಟ್ಟಿ, ಅದರ ಗ್ಯಾಸಿನ ಮೇಲೆ ಓಡಿಸುತ್ತಿದ್ದರು. ಏರು ಬಂದರೆ ನಾವೇ ಇಳಿದು ಅದನ್ನು ಏರಿಸಬೇಕು. ಹೀಗಾಗಿ ಕುರುಗೋಡಿನ ಕೊನೆಯ ಬಸ್ಸು ಹೊತ್ತು ಮುಳುಗುವ ಮುಂಚೆಯೇ, ಐದೂವರೆಗೆ ಹೊರಟುಬಿಡುತ್ತಿತ್ತು. ಅದನ್ನು ಹಿಡಿಯಬೇಕಾದರೆ ನಾನು ಐದೂಕಾಲಿಗೆ ಟಾಕೀಸಿನಿಂದ ಏಳಲೇಬೇಕು. ಚಿತ್ರಗಳೋ, ಆರಕ್ಕೆ ಮುಂಚೆ ಒಂದೂ ಮುಗಿಯುತ್ತಿರಲಿಲ್ಲ.

ಅಂದರೆ ನಾನು ಅಷ್ಟು ವರ್ಷ ಒಂದಾದರೂ ಸಿನಿಮಾದ ಕೊನೆ ನೋಡಿರಲಿಲ್ಲ. ಇಷ್ಟೇ ಗುಟ್ಟು. ಕತ್ತಲಲ್ಲಿ ಜನರ ಕಾಲು ತುಳಿಯುತ್ತ, ಬೈಸಿಕೊಳ್ಳುತ್ತ, ಅಸ್ತರಿನ ಗಂಟು ಎದೆಗವಚಿಕೊಂಡು ಹೊರಗೆ ಬರುತ್ತಿದ್ದೆ. ಬಾಗಿಲು ಕಾಯುವ ಖಾದರ್ ಸಾಬರು ಮೊದಮೊದಲು, "ಯಾಕ್ರೀ ಟೇಲರ್ರೇ, ಖೇಲ್ ಚಲೋ ಇಲ್ಲೇನ್ರಿ?" ಎಂದು ಕೇಳುತ್ತಿದ್ದರು. ನಾನು ಗತ್ತಿನಿಂದ, "ಮುಂದಿಂದು ನನಗ ಗೊತ್ತೈತಿ ಬಿಡ್ರಿ" ಎನ್ನುತ್ತಿದ್ದೆ. ಆಮೇಲಾಮೇಲೆ ಅವರು ನನ್ನನ್ನು ಕಂಡ ಕೂಡಲೇ, "ಬರ್ರಿ, ಐದೂಕಾಲಿನ ಸಾಹುಕಾರ್ರು" ಎಂದು ಸಲಾಮು ಹೊಡೆಯತೊಡಗಿದರು.

ನೋಡಿದ್ದಷ್ಟನ್ನೇ ಹೇಳಿ ಸುಮ್ಮನಿರಬಹುದಿತ್ತಲ್ಲ, ಎಂದು ನೀವು ಕೇಳಬಹುದು. ಮೊದಲ ಮಂಗಳವಾರ ಹಾಗೇ ಮಾಡಲು ಹೊರಟೆ. ರಾಜಕುಮಾರನನ್ನು ಸೆರೆಮನೆಗೆ ತಳ್ಳಿದರು ಎನ್ನುವಲ್ಲಿಗೆ ಬಾಯಿ ನಿಂತಿತು. "ಮುಂದ?" ಎಂದರು ಮಾಸ್ತರು. ಪಕ್ಕದಲ್ಲಿ ಕೂತಿದ್ದ ಶೇಂಗಾ ವ್ಯಾಪಾರದ ದೊಡ್ಡಬಸಪ್ಪ, "ಲೇ ಚನ್ನಾ, ಅವನ್ನ ಅಲ್ಲೇ ಬಿಟ್ಟು ಬಂದೇನು?" ಎಂದ. ಅರ್ಧ ಹೊಲಿದ ಅಂಗಿಯನ್ನು ಗಿರಾಕಿಯ ಕೈಗಿಡುವ ಜಾಯಮಾನ ನನ್ನದಲ್ಲ. ತೋಳಿಗೆ ಬಟ್ಟೆ ಸಾಲದಿದ್ದರೆ ಎಲ್ಲಿಂದಲೋ ತುಂಡು ಜೋಡಿಸಿ, ಜೋಡಿಸಿದ್ದು ಕಾಣದಂತೆ ಮಾಡುವುದೇ ನಮ್ಮ ಕಸುಬು. ರಾಜಕುಮಾರನನ್ನು ಬಿಡಿಸಿದೆ. ಮದುವೆ ಮಾಡಿಸಿದೆ. ಅಷ್ಟಕ್ಕೇ ಬಿಡದೆ, "ಮದಿವಿ ಸೀನಿನ್ಯಾಗ ಅವನ ಕೋಟಿನ ಕಾಲರು ಮಾತ್ರ ಬರೋಬ್ಬರಿ ಇರಲಿಲ್ಲ, ಎಡಕ್ಕ ಎಳೀತಿತ್ತು" ಎಂದು ನೋಡದ ಕೋಟಿಗೂ ಕುಂದು ಹೇಳಿದೆ. ಎಲ್ಲರೂ ತಲೆದೂಗಿದರು. ಅಲ್ಲಿಂದ ಮುಂದೆ ಐದೂಕಾಲಿನ ನಂತರದ ಕಥೆಯನ್ನು ಬಸ್ಸಿನಲ್ಲಿ ಹೊಗೆ ಕುಡಿಯುತ್ತ ಹೊಲಿದುಕೊಂಡು ಬರುವುದು ರೂಢಿಯಾಯಿತು.

ಹೀಗಿರುವಾಗ ಒಂದು ವರ್ಷ ನನ್ನ ಅಕ್ಕ ಶಂಕ್ರಮ್ಮ ಸಿರುಗುಪ್ಪದಿಂದ ತವರಿಗೆ ಬಂದಿದ್ದಳು. ಬಂದದ್ದು ಸಿಟ್ಟಿನಿಂದ. ಅವಳ ಮದುವೆಯಲ್ಲಿ ನಮ್ಮವ್ವ ಕೊಟ್ಟ ತಾಮ್ರದ ಹಂಡೆಯನ್ನು ನಮ್ಮ ಭಾವ ವೀರಭದ್ರಪ್ಪ ಇವಳನ್ನೊಂದು ಮಾತೂ ಕೇಳದೆ ತನ್ನ ತಂಗಿಯ ಮದುವೆಗೆ ಬಳುವಳಿಯಾಗಿ ಎತ್ತಿ ಕೊಟ್ಟಿದ್ದ. "ಹಂಡೆ ಹೋದ್ರ ಹೋಗ್ಲಿ, ಕೇಳಬೇಕಿತ್ತೋ ಇಲ್ಲೋ? ಅವ್ರು ತಾವಾಗಿ ಬಂದು ಕರೀಬೇಕು. ಅಲ್ಲೀತನಕ ನಾನು ಹೊಸ್ತಿಲ ದಾಟಂಗಿಲ್ಲ" ಎಂದು ಅಕ್ಕ ನಮ್ಮ ಬಾಗಿಲ ಒಳಗೆ ಕೂತು ನನಗೆ ಕಾಜಾ ತೆಗೆದುಕೊಡುತ್ತಿದ್ದಳು. ಗುಂಡಿ ತೂರುವ ಕಾಜಾ ಅಕ್ಕನಷ್ಟು ಒಪ್ಪವಾಗಿ ತೆಗೆಯುವವರನ್ನು ನಾನು ಬಳ್ಳಾರಿಯಲ್ಲೂ ಕಂಡಿಲ್ಲ. ಸಿಟ್ಟು ಮಾಡಿ ತವರಿಗೆ ಬಂದ ಹೆಣ್ಣನ್ನು ಗಂಡ ಬಂದು ಕರೆದರೆ ಅವಳು ತಲೆಯೆತ್ತಿಕೊಂಡು ಹೋಗುತ್ತಾಳೆ; ತಾನಾಗಿಯೇ ಹೋದರೆ ಜೀವಮಾನವಿಡೀ ಆ ಮಾತು ಕೇಳಬೇಕು. ಇದು ಅವಳಿಗೂ ಗೊತ್ತು, ಭಾವನಿಗೂ ಗೊತ್ತು. ಎರಡು ತಿಂಗಳಾಗಿತ್ತು. ಇಬ್ಬರೂ ಕಾಯುತ್ತಿದ್ದರು.

ಅಂಥ ಹೊತ್ತಿನಲ್ಲಿ ನಾನು ನೋಡಿ ಬಂದ ಚಿತ್ರದಲ್ಲೂ ಒಬ್ಬ ಹೆಣ್ಣುಮಗಳು ಗಂಡನೊಡನೆ ಜಗಳವಾಡಿ ತವರಿಗೆ ಬಂದು ಕೂತಿದ್ದಳು. ಐದೂಕಾಲಾದಾಗ ಅವಳು ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದಳು. ನಾನು ಎದ್ದು ಬಂದೆ. ಮರುದಿನ ಸಂಜೆ ಕಟ್ಟೆ ತುಂಬಿತ್ತಾದರೂ ಯಾಕೋ ಜನಕ್ಕೆ ಕಥೆ ಹಿಡಿಸಲಿಲ್ಲ. ದೊಡ್ಡಬಸಪ್ಪ ಆಕಳಿಸಿದ. ಮಾಸ್ತರು ಕೊಡೆಗೆ ಕೈ ಹಾಕಿದರು. ನನ್ನ ಮಾನ ಹೋಗುವಂತಾಯಿತು. ತಕ್ಷಣ ಮಿಷನ್ನು ನಿಲ್ಲಿಸಿ ಹೇಳಿದೆ: "ಆಕಿ ಕಾಯ್ತಾಳ, ಕಾಯ್ತಾಳ, ಅಂವ ಬರಲೇ ಇಲ್ಲ. ಮತ್ತೊಂದು ಮದಿವ್ಯಾದ. ಆ ಮದಿವಿ ದಿಬ್ಬಣ ಈಕಿ ಮನಿ ಮುಂದೇ ಹಾದು ಹೋತು. ಈಕಿ ಹೊಸ್ತಿಲ ಮ್ಯಾಲೇ ಎದಿ ಒಡಕೊಂಡು ಬಿದ್ದಾಕಿ ಏಳಲೇ ಇಲ್ಲ."

ದೊಡ್ಡಬಸಪ್ಪ ಮೂಗು ಒರೆಸಿಕೊಂಡ. ಮಾಸ್ತರು ಕೊಡೆಯನ್ನು ಮತ್ತೆ ಗೋಡೆಗೆ ಆನಿಸಿ, "ಶಿವ ಶಿವಾ, ಹಠ ಮಾಡಬಾರದು ನೋಡು" ಎಂದರು. ಒಳಗೆ ಅಕ್ಕನ ಕೈಯ ಸೂಜಿ ನಿಂತದ್ದು ನನಗೆ ಕಾಣಿಸಿತು. ಅದನ್ನು ನಾನು ನನ್ನ ಕಥೆಗೆ ಸಂದ ಬಹುಮಾನವೆಂದು ತಿಳಿದೆ.

ಬೆಳಗಾಗುವಷ್ಟರಲ್ಲಿ ಅಕ್ಕ ಗಂಟು ಕಟ್ಟಿದ್ದಳು. "ಎಲ್ಲಿಗೆ?" ಎಂದೆ. "ನಮ್ಮೂರಿಗೆ." "ಭಾವ ಕರ್ಯಾಕ ಬರ್ಲಿ ಅಂದಿದ್ದೆಲ್ಲಕ್ಕಾ?" ಎಂದರೆ, ಅವಳು ಗಂಟಿನ ಕಡೆ ನೋಡುತ್ತಲೇ, "ಅವ್ರು ಬರೂದ್ರಾಗ ಆ ಹೆಣ್ಮಗಳ ಗತಿ ನನಗೂ ಆದ್ರ ಏನ್ ಮಾಡ್ಲಿ ತಮ್ಮಾ?" ಎಂದಳು. ಬಾಯಿ ತೆರೆದೆ. 'ಅಕ್ಕಾ, ಆ ಕೊನೆ ನಾನು ಹೊಲಿದದ್ದು' ಎಂಬ ಮಾತು ತುಟಿಯವರೆಗೂ ಬಂದಿತ್ತು. ಅಷ್ಟರಲ್ಲಿ ಸಾಲೆಗೆ ಹೊರಟ ಮಾಸ್ತರು ಕಟ್ಟೆಯ ಬಳಿ ನಿಂತು, "ಛಲೋ ಕಥಿ ಹೇಳಿದಿ ನಿನ್ನೆ, ರಾತ್ರಿ ನಿದ್ದಿ ಬರಲಿಲ್ಲ ನನಗ" ಎಂದರು. ಬಾಯಿ ಮುಚ್ಚಿದೆ. ಅಕ್ಕನ ಗಂಟನ್ನು ನಾನೇ ಹೊತ್ತು ಬಸ್ಸಿಗೆ ಹಾಕಿ ಬಂದೆ.

ಮುಂದಿನ ಬೇಸಿಗೆಯಲ್ಲಿ ಸಿರುಗುಪ್ಪಕ್ಕೊಂದು ಡೇರೆ ಟಾಕೀಸು ಬಂತು. ನಾನು ಅಕ್ಕನ ಮನೆಗೆ ಹೋದ ದಿನವೇ ಅದರಲ್ಲಿ ಅದೇ ಚಿತ್ರ. ಭಾವ ಬಿಡಲಿಲ್ಲ. "ನೀನು ನೋಡಿದ್ದಿ, ಬಾರಪ್ಪ, ನಮಗೂ ತಿಳಿಸಿ ಹೇಳೀಯಂತ" ಎಂದು ಎಳೆದುಕೊಂಡೇ ಹೋದ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಒಂದು ಅಡ್ಡ ಬಟ್ಟೆ. ಎಲ್ಲರೂ ಮರಳಿನ ಮೇಲೆ. ಸಿನಿಮಾ ತೋರಿಸುವ ಮಿಷನ್ನು ಒಂದೇ ಆದ್ದರಿಂದ ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು, ಹತ್ತಿದಾಗಲೆಲ್ಲ ವಿಮರ್ಶೆ ಶುರುವಾಗುತ್ತಿತ್ತು. "ಈ ಗಂಡ್ಸಿಗಿಂತ ನಮ್ಮ ಕೋಣ ವಾಸಿ." "ಅತ್ತಿ ಪಾರ್ಟು ಮಾಡಿದಾಕಿ ಬರೋಬ್ಬರಿ ನಮ್ಮತ್ತೀನೇ ನೋಡ್ರಿ." "ಲೇ, ಮುಂದ ಕುಂತವ, ರುಮಾಲು ತಗಿಯೋ, ನಿನ್ನ ರುಮಾಲು ನೋಡಾಕ ಬಂದೀವೇನು?"

ಹೆಣ್ಣುಮಗಳು ಬಾಗಿಲಲ್ಲಿ ನಿಂತು ದಾರಿ ನೋಡುವ ಜಾಗ ಬಂತು. ನನ್ನ ಕಾಲುಗಳು ಅಭ್ಯಾಸಬಲದಿಂದ ಏಳಲು ಹೊರಟವು. ಭಾವ ಅಂಗಿ ಹಿಡಿದು ಕೂರಿಸಿದ. ಆಮೇಲೆ ನಾನು ಕಂಡದ್ದೇನು? ದಾರಿಯ ತುದಿಯಲ್ಲಿ ಒಂದು ಬಂಡಿ ಬಂತು. ಗಂಡ ಇಳಿದ. ಹೊಸ್ತಿಲ ಹೊರಗೆ ನಿಂತು ಕುಡಿಯಲು ನೀರು ಕೇಳಿದ. ಅವಳು ತಂಬಿಗೆ ಕೊಟ್ಟಳು. "ತಪ್ಪಾಯ್ತು, ಮನೆಗೆ ಹೋಗೋಣ" ಎಂದ. ಅಷ್ಟೇ! ಡೇರೆಯೆಲ್ಲ ಸೀಟಿ, ಚಪ್ಪಾಳೆ. ಅಡ್ಡ ಬಟ್ಟೆಯ ಆ ಕಡೆಯಿಂದ ಮಾತ್ರ ಅಕ್ಕನ ನೋಟ ಬಟ್ಟೆಯನ್ನೂ ತೂರಿ ನನ್ನ ಬೆನ್ನಿಗೆ ಚುಚ್ಚುತ್ತಿದೆ ಅನ್ನಿಸಿತು.

ನಾನು ಹೇಳಿದ ಕೊನೆಯನ್ನು ಅಕ್ಕನಿಂದ ಕೇಳಿದ್ದ ಭಾವ ಮೊದಲು ನನ್ನನ್ನು ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಕಿವಿಯ ಹತ್ತಿರ ಬಗ್ಗಿ ಹೇಳಿದ: "ಚನ್ನಾ, ಯಾರ ಮುಂದೂ ಹೇಳಬ್ಯಾಡ. ನಿಮ್ಮಕ್ಕ ಬಸ್ಸಿಳಿದು ಬಂದ್ಲಲ್ಲ, ಆ ದಿನ ನಾನು ಬಂಡಿ ಹೂಡಿದ್ದೆ. ಆಕೀನ ಕರ್ಯಾಕ ಹೊಂಟಿದ್ದೆ! ಹೊಸಾ ತಾಮ್ರದ ಹಂಡೇನೂ ತಂದು ಬಂಡ್ಯಾಗ ಇಟ್ಟಿದ್ದೆ. ದೂರದಿಂದ ಆಕಿ ಬರೂದು ಕಂಡೆ. ಹಂಡೆ ಒಯ್ದು ಕೊಟ್ಟಿಗಿ ಅಟ್ಟದ ಮ್ಯಾಲ ಜ್ವಾಳದ ಸೊಪ್ಪಿ ಒಳಗ ಮುಚ್ಚಿಟ್ಟೆ. ಹೊಲಕ್ಕ ಹೊಂಟಿದ್ದೆ ಅಂದೆ. ಇವತ್ತಿಗೂ ಏನರ ಜಗಳಾದ್ರ, 'ನೀನಾಗೇ ಬಂದಾಕಿ, ನಾ ಏನ್ ಕರದಿದ್ನೇನು?' ಅಂತೀನಿ. ಬಾಯಿ ಮುಚ್ಚತಾಳ." ಅವನಿಗೆ ಅದು ನಗೆಯ ಮಾತು. ನನಗೆ ನಾನು ಕೂತ ಮರಳು ಇನ್ನಷ್ಟು ಕುಸಿಯಬಾರದೇ ಅನ್ನಿಸಿತು. ಒಂದೇ ಒಂದು ದಿನ. ನಾನು ಒಂದು ದಿನ ಸುಮ್ಮನಿದ್ದಿದ್ದರೆ ಅಕ್ಕ ಗೆದ್ದಿರುತ್ತಿದ್ದಳು.

ಬೆಳಿಗ್ಗೆ ಭಾವ ಹೊಲಕ್ಕೆ ಹೋದ ಮೇಲೆ ಅಕ್ಕ ರೊಟ್ಟಿ ಬಡಿಸುತ್ತ ಕೇಳಿದಳು: "ನೀನು ನೋಡಿದ್ದು ಯಾವ ಸಿನಿಮಾ ತಮ್ಮಾ?"

'ಬಳ್ಳಾರಿಗೆ ಬಂದ ರೀಲೇ ಬೇರೆ' ಎಂಬ ಹೊಸ ತೇಪೆ ಆಗಲೇ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಯಾವ ಮಹಾರಾಯನ ಪುಣ್ಯವೋ, ಅದನ್ನು ರೊಟ್ಟಿಯ ಜೊತೆ ನುಂಗಿದೆ. "ನಾನು ನೋಡಲೇ ಇಲ್ಲಕ್ಕಾ. ಬಸ್ಸಿಗೆ ಹೊತ್ತಾಗಿತ್ತು."

"ಹಂಗಾರ ಆಕಿ ಸತ್ತದ್ದು?"

"ನಾನೇ ಸಾಯಿಸಿದೆ."

"ಮತ್ತ, ಕಟ್ಟಿ ಮ್ಯಾಲ ಇವತ್ತಿಗೂ ಹೇಳ್ತಾರಲ್ಲ, ಆ ರಾಜಕುಮಾರ ಸೆರಿಯಿಂದ ಹೊರಗ ಬಂದದ್ದು?"

"ನಮ್ಮೂರ ಗುಡಿ ದೊಡ್ಡ ಬಸವಣ್ಣನ ಆಣಿ, ಅಂವ ಹೊರಗ ಬಂದನೋ ಇಲ್ಲೋ ನನಗ ಗೊತ್ತಿಲ್ಲ."

ಅಕ್ಕ ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. ಅವಳ ಮುಖ ನೋಡಲಾರದೆ, ಯಾರ ಮುಂದೂ ಹೇಳಬೇಡವೆಂದಿದ್ದ ಭಾವನ ಮಾತನ್ನೂ ಅಲ್ಲೇ ಮುರಿದು, ಬಂಡಿಯ ಸಂಗತಿ, ಹಂಡೆಯ ಸಂಗತಿ ಎಲ್ಲ ಹೇಳಿಬಿಟ್ಟೆ. ಒಂದು ನಾಚಿಕೆ ಕಳೆಯಲು ಇನ್ನೊಂದನ್ನು ಮೈಮೇಲೆ ಎಳೆದುಕೊಂಡೆ. ಅಕ್ಕ ಎದ್ದು ಕೊಟ್ಟಿಗೆಗೆ ಹೋದಳು. ಸೊಪ್ಪೆ ಸರಿಸಿದ ಸದ್ದು, ಅದರ ಹಿಂದೆಯೇ ಢಣ್ ಎಂದು ತಾಮ್ರದ ಸದ್ದು. ಹೊರಗೆ ಬಂದವಳು ಕೈಗಂಟಿದ ಧೂಳು ಕೊಡವಿ, ಸೆರಗು ಬಿಗಿದು, "ನಡಿ" ಎಂದಳು.

"ಎಲ್ಲಿಗೆ?"

"ಕುರುಗೋಡಿಗೆ. ಹಂಡೆ ಅಲ್ಲೇ ಐತಿ, ಅವ್ರೇ ಹೊತ್ಕೊಂಡು ಬರ್ಲಿ. ಈ ಸಲ ಕೊನೀತನಕ ಕೂಡ್ತೀನಿ."

ಅಕ್ಕ ಮತ್ತೆ ನಮ್ಮ ಬಾಗಿಲೊಳಗೆ ಕೂತು ಕಾಜಾ ತೆಗೆಯತೊಡಗಿದಳು. ಊರಿಗೆಲ್ಲ ಸಂಗತಿ ಗೊತ್ತಾಯಿತು. ಮಂಗಳವಾರವೊಂದೇ ಅಲ್ಲ, ದಿನಾ ಕಟ್ಟೆ ತುಂಬಿತು. ಜನ ನೋಡುತ್ತಿದ್ದದ್ದು ನನ್ನನ್ನಲ್ಲ, ದಾರಿಯನ್ನು. ನಾನೂ ಒಂದು ಆಣೆ ಮಾಡಿಕೊಂಡೆ: ಇನ್ನು ಸಿನಿಮಾ ನೋಡಿದರೆ ಪೂರಾ ನೋಡುವುದು, ಇಲ್ಲವಾದರೆ ಟಾಕೀಸಿನ ಕಡೆ ತಲೆ ಹಾಕದಿರುವುದು. ಮೂರನೆಯ ಸೋಮವಾರ ಬಳ್ಳಾರಿಯಲ್ಲಿ ಐದೂಕಾಲಾಯಿತು, ನಾನು ಏಳಲಿಲ್ಲ. ಖಾದರ್ ಸಾಬರು ಒಳಗೆ ಬಂದು, "ಸಾಹುಕಾರ್ರೇ, ಮೈಯಾಗ ಆರಾಮ್ ಐತಿಲ್ರಿ?" ಎಂದು ವಿಚಾರಿಸಿ ಹೋದರು. ಬಸ್ಸು ಹೋಯಿತು. ಕೊನೆಯನ್ನು ಪೂರಾ ನೋಡಿದೆ. ಹೇಳಬಾರದು, ಅಂಥ ವಿಶೇಷವೇನೂ ಇರಲಿಲ್ಲ. ನಾನಾಗಿದ್ದರೆ ಇನ್ನಷ್ಟು ಚೆನ್ನಾಗಿ ಮುಗಿಸುತ್ತಿದ್ದೆ.

ಮರುದಿನ ಬೆಳಗಿನ ಬಸ್ಸಿಗೆ ಬಂದು ನೋಡುತ್ತೇನೆ, ಬಾಗಿಲೊಳಗೆ ಅಕ್ಕ ಇಲ್ಲ. ಮಾಸ್ತರ ಅಂಗಿ ಮಾತ್ರ ಇತ್ತು, ಅರ್ಧ ತೆಗೆದ ಕಾಜಾದಲ್ಲಿ ಸೂಜಿ ಚುಚ್ಚಿತ್ತು. ಹಿಂದಿನ ಸಂಜೆ ಭಾವ ಬಂಡಿ ಕಟ್ಟಿಕೊಂಡು ಬಂದಿದ್ದನಂತೆ, ಹಂಡೆಯನ್ನೂ ತಂದಿದ್ದನಂತೆ. "ಏನಂದ? ಅಕ್ಕ ಏನಂದ್ಲು?" ಎಂದು ಮಾಸ್ತರ ಕೈ ಹಿಡಿದು ಕೇಳಿದೆ. "ಏನ್ ಹೇಳ್ಲಿ ಚನ್ನಬಸಪ್ಪ, ಹಂಡೆ ಕೆಳಗಿಟ್ಟು ಕಣ್ಣಾಗ ನೀರು ತಂದ" ಎಂದರು. "ನೀರೆಲ್ಲಿದು? ಬಂಡಿ ಮ್ಯಾಲಿಂದ ಇಳೀಲೇ ಇಲ್ಲ, ಆಕೀನೇ ಓಡಿ ಹೋಗಿ ಹತ್ತಿದ್ಲು" ಎಂದ ದೊಡ್ಡಬಸಪ್ಪ. ಒಳಗಿಂದ ನನ್ನ ಹೆಂಡತಿ, "ಇಬ್ಬರಿಗೂ ಗೊತ್ತಿಲ್ಲ. ಹೊಸ್ತಿಲ ಹೊರಗ ನಿಂತು, ತಪ್ಪಾತು ಅಂದ್ರು" ಎಂದಳು.

ಗದರಿಸಿ ಕೇಳಿದ ಮೇಲೆ ನಿಜ ಹೊರಬಿತ್ತು. ಬಂಡಿ ಬಂದು ನಿಂತೊಡನೆ ಮಾಸ್ತರಿಗೆ ಸಂಜೆಯ ಪೂಜೆಗೆ ಹೊತ್ತಾಗಿತ್ತು. ದೊಡ್ಡಬಸಪ್ಪನ ಮನೆಗೆ ಬೀಗರು ಬಂದಿದ್ದರು. ನನ್ನ ಹೆಂಡತಿ ಒಲೆಯ ಮೇಲಿನ ಹಾಲು ಉಕ್ಕಿತೆಂದು ಒಳಗೆ ಓಡಿದ್ದಳು. ಮೂವರೂ ಕೊನೆ ನೋಡಿರಲಿಲ್ಲ.

ಬೈಯಬೇಕೆಂದು ಬಾಯಿ ತೆರೆದೆ. ಮೂರು ಮುಖಗಳೂ ನನ್ನನ್ನೇ ನೋಡುತ್ತಿದ್ದವು. ಮಿಷನ್ನಿನ ಮುಂದೆ ಕೂತು, ತಲೆ ತಗ್ಗಿಸಿ, "ಆತು, ಮೊದಲಿಂದ ಹೇಳ್ರಿ" ಎಂದೆ.