ನಲವತ್ತಮೂರು ಅಳತೆಯ ಗೇಟು

ಅಕ್ಕಲಕೋಟದ ನಮ್ಮ ಮನೆಯಲ್ಲಿ ನನಗೆ ‘ಅಂಜುಬುರುಕಿ’ ಎಂಬ ಬಿರುದು ಬಂದು ಹನ್ನೊಂದು ತಿಂಗಳಾದವು. ಮಗ ಓಂಕಾರನ ವಯಸ್ಸೂ ಅಷ್ಟೇ. ಇದು ಘೋರ ಅನ್ಯಾಯ. ನಾನು ಎಲ್ಲರಂತೆ ಸುಮ್ಮಸುಮ್ಮನೆ ಅಂಜುವವಳಲ್ಲ. ಟೇಪು ಹಿಡಿದು ಅಳೆದು, ಆಮೇಲೆ ಅಂಜುವವಳು. ಪಡಸಾಲೆಯಿಂದ ಅಂಗಳಕ್ಕೆ ಶಹಾಬಾದ ಕಲ್ಲಿನ ನಾಲ್ಕು ಮೆಟ್ಟಿಲು. ಒಟ್ಟು ಎತ್ತರ ಏಳುನೂರಾ ಇಪ್ಪತ್ತು ಮಿಲಿಮೀಟರ್. ನೆಲಕ್ಕೆ ಬಿಟ್ಟರೆ ಸಾಕು, ಓಂಕಾರ ಅಂಬೆಗಾಲಿಡುತ್ತ ಹೊರಡುವುದು ಅಲ್ಲಿಗೇ.

ಸೋಮವಾರ ನನ್ನ ರಜೆ ಮುಗಿಯಲಿತ್ತು. ಸೋಲಾಪುರದ ಒಂದು ಕಂಪನಿಯಲ್ಲಿ ಯಂತ್ರಗಳ ನಕ್ಷೆಗೆ ಅಳತೆ ಹಾಕುವುದು ನನ್ನ ಕೆಲಸ. ಗೆರೆ ಎಳೆಯುವವರು ಬೇರೆ. ಆ ಗೆರೆ ಎಷ್ಟುದ್ದ, ಈ ತೂತು ಎಷ್ಟಗಲ ಎಂದು ಬಾಣದ ಗುರುತಿಟ್ಟು ಅಂಕಿ ಬರೆಯುವವಳು ನಾನು. ನಾನು ಹೋದರೆ ಮಗು ಅತ್ತೆಯ ಪಾಲಿಗೆ. ಅತ್ತೆ ಶಾರದಾಬಾಯಿಯವರ ಪ್ರೀತಿಗೆ ಮಿತಿಯಿಲ್ಲ, ಅವರ ಮಂಡಿಗೆ ಇದೆ: ಕೂತವರು ಏಳಲು ಐದು ನಿಮಿಷ. ಓಂಕಾರ ಮೆಟ್ಟಿಲು ಮುಟ್ಟಲು ಹನ್ನೆರಡು ಸೆಕೆಂಡು (ಅಳೆದಿದ್ದೇನೆ). ಅಲ್ಲೊಂದು ಗೇಟು ಬರದಿದ್ದರೆ ನೌಕರಿ ಬಿಡುವುದೇ ಸೈ ಎಂದು ನಿಶ್ಚಯಿಸಿದೆ.

ವೆಲ್ಡಿಂಗ್ ಅಂಗಡಿಯ ಯೋಗಿರಾಜ ಬಂದು ಜಾಗ ನೋಡಿದ. “ಇದೇನ ದೊಡ್ಡ ಕೆಲಸರಿ ವೈನಿ? ಅಂದಾಜಲೆ ಮಾಡಿ ನಿಲ್ಲಸ್ತೀನಿ.”

ಅಂದಾಜು!

“ಅಂದಾಜು ಗಿಂದಾಜು ನಡ್ಯಂಗಿಲ್ಲ ಯೋಗಿರಾಜಣ್ಣ. ನಾ ನಕ್ಷಾ ಕೊಡತೀನಿ. ಅಳತಿ ಹಾಕಿದ್ದನ್ನೆಲ್ಲಾ ಮಾಡ್ರಿ, ಅಳತಿ ಹಾಕಲಾರದ್ದನ್ನ ಏನೂ ಮಾಡಬ್ಯಾಡ್ರಿ. ನಿಮ್ಮ ತಲಿ ಓಡಸಬ್ಯಾಡ್ರಿ.”

“ಭಾಳ ಚಲೋ ಆತು,” ಎಂದ ಯೋಗಿರಾಜ, ಮನಸಾರೆ. “ತಲಿಗೂ ಒಂದೀಟು ಆರಾಮ.”

ಎರಡು ದಿನ ಕೂತು ನಕ್ಷೆ ಬರೆದೆ. ಸರಳುಗಳ ನಡುವಿನ ಸಂದಿ ಮಗುವಿನ ತಲೆಗಿಂತ ಕಿರಿದಿರಬೇಕು; ಆದ್ದರಿಂದ ಮಲಗಿದ್ದಾಗ ತಲೆ ಅಳೆದೆ. ನಿಂತರೆ ಎಷ್ಟಾದಾನು, ಕೈ ಎತ್ತಿದರೆ ಎಲ್ಲಿಗೆ ಮುಟ್ಟಿಯಾನು? (ಅವನಿನ್ನೂ ನಿಂತಿರಲಿಲ್ಲ. ತಿಂಗಳಿಂದ ಕಾಯುತ್ತಿದ್ದೆ, ಅದೂ ಒಂದು ಅಂಜಿಕೆ.) ಎಲ್ಲ ಸ್ಪಷ್ಟವಾಗಲೆಂದು ಗೇಟಿನ ನಡುವೆ ಓಂಕಾರನನ್ನೂ ಬರೆದೆ. ಒಂದು ಕೈ ಮೇಲೆ, ಒಂದು ಕೈ ಮುಂದೆ, ಒಂದು ಮೊಣಕಾಲು ಮಡಚಿ. ಅವನಿಗೂ ಅಳತೆ ಹಾಕಿದೆ. ಒಟ್ಟು ನಲವತ್ತಮೂರು.

ನಮ್ಮವರು, ಗುರುನಾಥ, ಇಣುಕಿ ನೋಡಿದರು. “ಕುರನೂರ ಡ್ಯಾಮಿಗೂ ಇಷ್ಟು ಅಳತಿ ಹಾಕಿರಲಿಕ್ಕಿಲ್ಲ ಬಿಡು.”

ಅತ್ತೆ ಗಾಬರಿಯಾದರು. “ಯವ್ವಾ ಪ್ರಣಿತಾ, ಕೂಸಿನ ಹೊಟ್ಟಿಗೆ ಬಾಣಾ ಹೊಡದೀಯಲ್ಲ!”

“ಅವು ಅಳತಿ ಬಾಣ ಅತ್ತಿ.”

“ಯಾವ ಬಾಣಾದ್ರೂ ಬಾಣಾನ,” ಎಂದವರೇ ಉಪ್ಪು-ಮೆಣಸಿನಕಾಯಿ ತಂದು ನಕ್ಷೆಗೆ ದೃಷ್ಟಿ ತೆಗೆದರು.

ಭಾನುವಾರ ಸಂಜೆ ಗೇಟು ಬಂತು. ನಿಲ್ಲಿಸಿ, ಮೇಲಿನ ಗೋಣಿತಟ್ಟು ತೆಗೆದಾಗ ನಾನು “ಅಯ್ಯಯ್ಯೋ!” ಎಂದೆ. ಸರಳುಗಳ ಮೇಲೆ, ದಪ್ಪ ತಂತಿ ಬಗ್ಗಿಸಿ ಮಾಡಿದ ಕಬ್ಬಿಣದ ಓಂಕಾರ! ಒಂದು ಕೈ ಮೇಲೆ, ಒಂದು ಕೈ ಮುಂದೆ, ಒಂದು ಮೊಣಕಾಲು ಮಡಚಿ.

“ಇದೇನ್ರಿ ಇದು?”

“ನಿಮ್ಮ ಹುಡುಗ ಅಲ್ಲೇನ್ರಿ,” ಎಂದ ಯೋಗಿರಾಜ. “ಗೇಟು ಅರ್ಧಾ ದಿನದಾಗ ಮುಗೀತು ವೈನಿ, ಇಂವಗ ಎರಡು ದಿನ ಹಿಡೀತು. ಕಿವಿ ಭಾಳ ಕಾಡಿದ್ವು.”

“ಇಂವನ್ನ ಮಾಡಂತ ಯಾರ ಹೇಳಿದ್ರು?”

“ಅಳತಿ ಹಾಕಿದ್ದನ್ನೆಲ್ಲಾ ಮಾಡ್ರಿ ಅಂದ್ರಿ.”

ನಮ್ಮ ವೃತ್ತಿಯಲ್ಲಿ ಒಂದು ನಿಯಮವಿದೆ. ತಿಳಿವಳಿಕೆಗೆಂದಷ್ಟೇ ಕೊಟ್ಟ ಅಳತೆಯನ್ನು ಆವರಣ ಚಿಹ್ನೆಯೊಳಗೆ ಬರೆಯಬೇಕು. ಆವರಣ ಕಂಡರೆ ಅದನ್ನು ಮಾಡಬೇಕಿಲ್ಲ ಎಂದರ್ಥ. ಮಾತು ಮಾತಿಗೂ ಆವರಣ ಹಾಕುವ ನಾನು (ನೀವೇ ನೋಡುತ್ತಿದ್ದೀರಿ) ಹೆತ್ತ ಮಗನಿಗೆ ಹಾಕಲು ಮರೆತಿದ್ದೆ.

“ಹೋಗಲಿ. ಚಿಲಕ ಎಲ್ಲದ?”

ಅವನು ನಕ್ಷೆ ಬಿಚ್ಚಿ ಬೆರಳಿಟ್ಟ. ಚಿಲಕದ ಚಿತ್ರವಿತ್ತು, ಅಳತೆ ಇರಲಿಲ್ಲ. “ಅಳತಿ ಇಲ್ಲದ್ದು ಮಾಡಬ್ಯಾಡ ಅಂದ್ರಿ. ಕೈ ತುರಸಾಕತ್ತಿತ್ತು, ಆದ್ರ ನಾ ಮಾಡಲಿಲ್ಲ. ಈಗ ಮಷೀನು ಮಂಗಳವೇಢೆಗೆ ಹೋಗ್ಯದ, ಗುರುವಾರ ನೋಡೂಣ್ರಿ.”

ನಮ್ಮವರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಅವರ ಬೆನ್ನು ಕುಲುಕುತ್ತಿತ್ತು.

ನಾನು ಅಳುವ ಸ್ಥಿತಿಯಲ್ಲಿದ್ದೆ. ಬೆಳಗಾದರೆ ನೌಕರಿ, ಗೇಟಿಗೆ ಚಿಲಕವಿಲ್ಲ! ಅತ್ತೆ ಮಾತ್ರ ಹಳೆಯ ಇಳಕಲ್ಲ ಸೀರೆಯ ಅಂಚು ಹರಿದು ತಂದು, ಗೇಟನ್ನು ಕಂಬಕ್ಕೆ ಬಿಗಿದು ಗಂಟು ಹಾಕಿದರು. ಆಮೇಲೆ ಕಬ್ಬಿಣದ ಮಗುವಿನ ಗಲ್ಲಕ್ಕೆ ಕಾಡಿಗೆ ಬೊಟ್ಟಿಟ್ಟರು. “ಮಾರಿ ನಮ್ಮ ಕಡೀದು, ಕಿವಿ ಮಾತ್ರ ನಿಮ್ಮ ತವರಿನ್ವು.”

ಅಷ್ಟರಲ್ಲಿ ಓಂಕಾರ ಬಂದ. ಕಬ್ಬಿಣದ ಓಂಕಾರನನ್ನು ದಿಟ್ಟಿಸಿದ. ಮುಂದೆ ಚಾಚಿದ್ದ ಕೈ ಹಿಡಿದ. ಹಿಡಿದು, ನಡುಗುತ್ತ, ಎದ್ದು ನಿಂತ.

ಆ ಕೈ ನೆಲದಿಂದ ನಾಲ್ಕುನೂರಾ ಐವತ್ತು ಮಿಲಿಮೀಟರ್, ನನ್ನದೇ ಅಳತೆ. ಕಣ್ಣು ಒರೆಸಿಕೊಂಡೆ.

ಸೋಮವಾರ ಬೆಳಿಗ್ಗೆ ನಮ್ಮವರು ಹೊರಗೆ ಬೈಕ್ ಹಾರ್ನು ಹೊಡೆಯತೊಡಗಿದರು. “ಎಸ್‌ಟಿ ಹೋಗತದ! ನಾಕ ನಿಮಿಷ ಅದ!” ನಾನು ಗೇಟಿನ ಒಳಗೆ, ಗಂಟಿನೊಡನೆ ಸೆಣಸುತ್ತಿದ್ದೆ. ಅದು ಜಪ್ಪಯ್ಯ ಅನ್ನಲಿಲ್ಲ.

“ತಡಿ, ನಾ ಬಿಚ್ಚತೀನಿ,” ಎಂದರು ಅತ್ತೆ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಲ್ಲಿಂದ.

ಬಸ್ಸಿಗೆ ನಾಲ್ಕು ನಿಮಿಷ, ಅತ್ತೆಯ ಮಂಡಿಗೆ ಐದು. ಚೀಲ ಆಚೆ ಎಸೆದು, ಸೆರಗು ಸಿಕ್ಕಿಸಿ, “ಅಯ್ಯಯ್ಯೋ” ಎನ್ನುತ್ತ ಎಡಗಾಲನ್ನು ಕಬ್ಬಿಣದ ಓಂಕಾರನ ಮೊಣಕಾಲ ಮೇಲಿಟ್ಟೆ, ಬಲಗಾಲನ್ನು ಹೆಗಲ ಮೇಲಿಟ್ಟು ಆಚೆ ಧುಮುಕಿದೆ. ರಕ್ತಮಾಂಸದ ಓಂಕಾರ ಚಪ್ಪಾಳೆ ತಟ್ಟಿದ.

ಇಡೀ ದಿನ ಆಫೀಸಿನಲ್ಲಿ ತಪ್ಪು ಅಳತೆ ಹಾಕಿದೆ. ಸಂಜೆ ಓಡೋಡಿ ಬಂದರೆ ಅತ್ತೆ ಗೇಟಿಗೆ ಬೆನ್ನು ಕೊಟ್ಟು, ಮಗುವನ್ನು ಅಪ್ಪಿ ಕೂತಿದ್ದರು.

“ಹೆಂಗಿದ್ದಾ ಅತ್ತಿ? ಮೆಟ್ಟಲದ ಕಡಿ ಹೋದ್ನೇನು?”

“ಮೆಟ್ಟಲ ಯಾರಿಗಿ ಬೇಕು? ದಿನಾಪೂರ್ತಿ ಗೇಟ ಹತ್ತಾಕ ನೋಡಾಕತ್ತಾನ. ಮುಂಜಾನಿಂದ ಹಿಂಗ ಅಡ್ಡ ಕುಂತೀನಿ. ಎಡಗಾಲು ಮೊಣಕಾಲ ಮ್ಯಾಲ ಇಡತಾನ, ಹೆಗಲಿಗಿ ಕೈ ಹಾಕತಾನ…” ಅತ್ತೆ ಮೊಮ್ಮಗನ ಗಲ್ಲ ಹಿಂಡಿದರು. “ಮತ್ತ ಮಾತೂ ಬಂತವ ಇವತ್ತ. ಹತ್ತೂಕಿಂತ ಮದಲ ಒಂದ ಸಲ ‘ಅಯ್ಯಯ್ಯೋ’ ಅಂತಾನ. ಥೇಟ ನಿನ್ನಂಗ.”