ಹಬೆ ವಾಪಸಾತಿ

ಸಣ್ಣ ಉದ್ಯಮಿಗಳನ್ನು ಕೈಹಿಡಿದು ಮೇಲೆತ್ತುವ ಸರ್ಕಾರಿ ನೀತಿಯು ನಮ್ಮ ಫೆಸ್ ಪಟ್ಟಣದ ಹಳೇ ಪೇಟೆಗೆ ಕಾಲಿಟ್ಟದ್ದು ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ಹತ್ತರ ಹೊತ್ತಿಗೆ ಅದು ಅಲ್ಲಾಲನ ಕೈ ಹಿಡಿದಾಗಿತ್ತು.

ಅಲ್ಲಾಲ್ ನಮ್ಮ ಓಣಿಯ ಒಲೆಗಾರ. ನೂರಾನಲವತ್ತು ಮನೆಯವರು ಹಿಟ್ಟು ನಾದಿ, ತಟ್ಟಿ, ಹಲಗೆಯ ಮೇಲಿಟ್ಟು ಅವನಲ್ಲಿಗೆ ಕಳಿಸುತ್ತಾರೆ. ಮಧ್ಯಾಹ್ನ ಬೆಂದ ರೊಟ್ಟಿ ಒಯ್ಯುತ್ತಾರೆ. ಯಾವ ರೊಟ್ಟಿಗೂ ಹೆಸರಿಲ್ಲ, ಚೀಟಿಯಿಲ್ಲ. ಯಾರ ಮನೆಯದೆಂದು ಅಲ್ಲಾಲ್ ಮುಖ ನೋಡಿ ಹೇಳುತ್ತಾನೆ. ರೊಟ್ಟಿಯ ಮುಖ. ಮೂವತ್ತು ವರ್ಷದಲ್ಲಿ ಒಂದೂ ಅದಲುಬದಲಾಗಿಲ್ಲ. ಒಮ್ಮೆ ಆಗಿತ್ತು, ಆದರೆ ಅದರಿಂದ ಒಂದು ಮದುವೆ ನಡೆಯಿತಾದ್ದರಿಂದ ಲೆಕ್ಕಕ್ಕೆ ಹಿಡಿಯಬಾರದು.

ನೀತಿಯ ಪರವಾಗಿ ಬಂದವರು ತಪಾಸಣಾಧಿಕಾರಿ ಸಿದಿ ಬೆರ್ರಾದಾ. ಮರ್ಯಾದೆಗೆ ಗಂಡಸರನ್ನು ಸಿದಿ, ಹೆಂಗಸರನ್ನು ಲಲ್ಲಾ ಅನ್ನುವುದು ನಮ್ಮಲ್ಲಿ ರೂಢಿ. ತಕ್ಕಡಿ ಜೊತೆಗೇ ತಂದಿದ್ದರು.

"ಹಿಟ್ಟು ಯಾರದ್ದು?"

"ಮನೆಯವರದ್ದು, ಸಿದಿ."

"ಹಾಗಾದರೆ ನೀವು ತಯಾರಕರಲ್ಲ. ಪರರ ಸ್ವತ್ತಿನ ಪಾಲಕರು."

"ಒಳ್ಳೇದಾಯ್ತು," ಅಂದ ಅಲ್ಲಾಲ್. ಪಾಪ.

ಪಾಲಕರಿಗೆ ಹದಿನಾಲ್ಕನೇ ನಿಯಮ ಅನ್ವಯಿಸುತ್ತದೆ: ಸ್ವೀಕರಿಸಿದ ಸ್ವತ್ತನ್ನು ಸ್ವೀಕರಿಸಿದ ತೂಕದಲ್ಲೇ ಮರಳಿಸತಕ್ಕದ್ದು. ಸಿದಿ ಬೆರ್ರಾದಾ ವಿಧವೆ ಲಲ್ಲಾ ಖದ್ದೂಜಳ ಹಿಟ್ಟನ್ನು ಒಲೆಗೆ ಹೋಗುವ ಮುಂಚೆ ತೂಗಿದರು, ಬೆಂದು ಬಂದ ಮೇಲೂ ತೂಗಿದರು. ಹೋದದ್ದು ಒಂದು ಕಿಲೋ, ಬಂದದ್ದು ಎಂಟುನೂರೈವತ್ತು ಗ್ರಾಂ.

"ನೂರೈವತ್ತು ಗ್ರಾಂ ಎಲ್ಲಿ?"

"ಹಬೆಯಾಗಿ ಹೋಯ್ತು, ಸಿದಿ. ಹೊಗೆಗೂಡಿನಿಂದ."

"ಯಾರ ಅನುಮತಿ ಮೇಲೆ?"

ಅಲ್ಲಾಲ್ ಹೊಗೆಗೂಡಿನ ಕಡೆ ನೋಡಿದ. ಲಲ್ಲಾ ಖದ್ದೂಜ್ ಸೊಂಟದ ಮೇಲೆ ಕೈಯಿಟ್ಟಳು. "ಮೂವತ್ತು ವರ್ಷದಿಂದ ನನ್ನ ಹಬೆ ತಿಂತಿದ್ದೀಯೇನೋ? ಅದಕ್ಕೇ ಹೊಟ್ಟೆ ಹೀಗೆ ಬಂದಿರೋದು."

"ಹಸಿ ಇದೆ ಅಂತ ಬೈಯೋರೂ ನೀವೇ, ಹಬೆ ಕೊಡು ಅನ್ನೋರೂ ನೀವೇನಾ ಲಲ್ಲಾ?"

ಗುರುವಾರದೊಳಗೆ ಅಂದಂದಿನ ಹಬೆಯನ್ನು ಅಂದಂದೇ ಮರಳಿಸುವ ವ್ಯವಸ್ಥೆಯಾಗದಿದ್ದಲ್ಲಿ ಒಲೆಗೆ ಬೀಗಮುದ್ರೆ ಎಂದು ಸಿದಿ ಬೆರ್ರಾದಾ ಬರೆದುಕೊಟ್ಟರು. ಪತ್ರದ ತಲೆಬರಹ 'ಉತ್ತೇಜನ' ಎಂದಿತ್ತು.

ನನ್ನದು ಎದುರು ಅಂಗಡಿ. ಕಿತ್ತಳೆಹೂವಿನ ನೀರು ಮಾರುತ್ತೇನೆ. ಸ್ವಾರ್ಥ ನನ್ನ ಸ್ವಭಾವದಲ್ಲಿಲ್ಲ. ಆ ಸಂಜೆ ಅಲ್ಲಾಲ್ ಒಲೆಯ ಬಾಯಲ್ಲಿ ಕೂತಿದ್ದ.

"ಅಪ್ಪ ಹೊತ್ತಿಸಿದ ಬೆಂಕಿ ಇದು. ಅವನು ಸತ್ತ ದಿನವೂ ಆರಿಸಿರಲಿಲ್ಲ ನಾನು," ಅಂದ.

ಅವನ ಪಾಡು ನನ್ನಿಂದ ನೋಡಲಾಗಲಿಲ್ಲ. ಮೇಲಾಗಿ ನನ್ನ ಮಹಡಿಯಲ್ಲಿ ಆರುನೂರು ಖಾಲಿ ಬಾಟಲಿಗಳು ಬಿದ್ದಿದ್ದವು. ಬಿರಡೆ ಸಮೇತ ತಲಾ ನೂರೈವತ್ತು ಗ್ರಾಂ.

ಗುರುವಾರ ಸಿದಿ ಬೆರ್ರಾದಾ ಬಂದಾಗ ಪ್ರತಿ ರೊಟ್ಟಿಯ ಪಕ್ಕದಲ್ಲೂ ಬಿರಡೆ ಜಡಿದ ಒಂದು ಬಾಟಲಿ. ಎರಡನ್ನೂ ಕೂಡಿಸಿ ತೂಗಿದರು. ಸರಿಯಾಗಿ ಒಂದು ಕಿಲೋ. ತೂಕ ಹೆಚ್ಚು ಬಂದ ಕಡೆ ನಾವು ಮುಂಚೆಯೇ ಬಿರಡೆ ಕೆತ್ತಿದ್ದೆವು.

"ಒಳಗೆ ಏನೂ ಕಾಣ್ತಿಲ್ಲವಲ್ಲ?"

"ಆರಿದ ಹಬೆ ಕಾಣಲ್ಲ, ಸಿದಿ," ಅಂದೆ. "ಬೇಕಾದರೆ ಬಿರಡೆ ತೆಗೆದು ನೋಡಿ. ಆದರೆ ಸ್ವತ್ತು ಹಾರಿಹೋದರೆ ಹದಿನಾಲ್ಕನೇ ನಿಯಮ ನಿಮಗೆ ಬರುತ್ತೆ."

ಅವರು ಬಿರಡೆಯಿಂದ ಬೆರಳು ಹಿಂತೆಗೆದು ಮುದ್ರೆ ಒತ್ತಿದರು.

ಈಗ ಎಲ್ಲವೂ ಸುಸೂತ್ರ. ಜನ ಬಲಗೈಯಲ್ಲಿ ರೊಟ್ಟಿ, ಎಡಗೈಯಲ್ಲಿ ಹಬೆ ಹಿಡಿದು ಮನೆಗೆ ಹೋಗುತ್ತಾರೆ. 'ಖಾಲಿ ಬಾಟಲಿ ಮರಳಿಸದವರಿಗೆ ಹಬೆ ವಿತರಿಸಲಾಗುವುದಿಲ್ಲ' ಎಂದು ಗೋಡೆಯ ಮೇಲೆ ಬರೆಸಲಾಗಿದೆ. ಸಿದಿ ಬೆರ್ರಾದಾ ಅವರ ತಾಯಿ ದಿನಾ ಒಂದು ಬಾಟಲಿ ತರಿಸಿಕೊಂಡು ಮೊಣಕಾಲಿಗೆ ಹಿಡಿಯುತ್ತಾರಂತೆ. ಕೀಲುನೋವಿಗೆ ಒಳ್ಳೆಯದೆಂದು ಅವರಿಗೆ ಯಾರು ಹೇಳಿದರೋ ನನಗೆ ಗೊತ್ತಿಲ್ಲ.

ಕಳೆದ ವಾರ ಲಲ್ಲಾ ಖದ್ದೂಜ್ ಬಾಟಲಿ ಹಿಡಿದು ವಾಪಸ್ ಬಂದಳು. "ಇದು ನಮ್ಮನೆ ಹಬೆ ಅಲ್ಲ."

ನನಗೆ ನಗು ಬಂತು. ಅಲ್ಲಾಲನಿಗೆ ಬರಲಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು, ನಿಧಾನವಾಗಿ ತಿರುಗಿಸಿ ನೋಡಿದ. ಕಿವಿ ಕೆಂಪಾಯಿತು.

"ತಪ್ಪಾಯ್ತು ಲಲ್ಲಾ. ಇದು ಚಪ್ಪಲಿ ಹೊಲಿಯೋನ ಮನೆಯದ್ದು," ಎಂದು ಸಾಲಿನಿಂದ ಇನ್ನೊಂದನ್ನು ತೆಗೆದುಕೊಟ್ಟ.

ಅವಳು ಅದನ್ನೂ ಬೆಳಕಿಗೆ ಹಿಡಿದು ನೋಡಿದಳು. "ಹಾಂ, ಇದು ನಮ್ಮದು," ಎಂದು ಎದೆಗವಚಿಕೊಂಡು ಹೊರಟಳು.